ತುರಿಕೆ, ಬಿಳಿಸೆರಗು: ಮನೆಯಲ್ಲಿ ಮಾಡಬಹುದಾದದ್ದು, ಮಾಡಬಾರದ್ದು

ಜನನಾಂಗದ ತುರಿಕೆಯನ್ನು ಅನೇಕ ಮಹಿಳೆಯರು ಹೆತ್ತ ತಾಯಿಯಲ್ಲೂ ಹೇಳಿಕೊಳ್ಳುವುದಿಲ್ಲ. ತಡೆಯಲಾಗದಾಗ ಔಷಧದಂಗಡಿಯಿಂದ 'ತುರಿಕೆಯ ಮುಲಾಮು' ತರಿಸಿ ಹಚ್ಚಿಕೊಳ್ಳುತ್ತಾರೆ. ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಮತ್ತೆ ಅದೇ ತುರಿಕೆ. ಕೆಲವೇ ದಿನಗಳಲ್ಲಿ ವಾಸಿಯಾಗಬೇಕಾದ ತೊಂದರೆ ಹೀಗೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಎಲ್ಲ ಬಿಳುಪೂ ರೋಗವಲ್ಲ

ಯೋನಿಯಿಂದ ತಿಳಿಯಾದ ಅಥವಾ ಹಾಲುಬಿಳುಪಿನ ಸ್ರಾವ ಸ್ವಲ್ಪ ಹೋಗುವುದು ಸಹಜ. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಮತ್ತು ಗರ್ಭಿಣಿಯರಲ್ಲಿ ಅದು ಹೆಚ್ಚಾಗುತ್ತದೆ. ಮೂಳೆ ಕರಗಿ ಬಿಳುಪಾಗಿ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ವಿಪರೀತ ತುರಿಕೆ, ಕೆಂಪಾಗಿ ಊದಿಕೊಳ್ಳುವುದು, ಮೂತ್ರ ತಾಗಿದಾಗ ಉರಿ, ಒಡೆದ ಹಾಲಿನಂತಹ ಗಟ್ಟಿ ಬಿಳಿ ಸ್ರಾವ – ಇವು ಯೀಸ್ಟ್ ಸೋಂಕಿನ ಲಕ್ಷಣಗಳು. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಕ್ಯಾಂಡಿಡಾ ಎಂಬ ಶಿಲೀಂಧ್ರ. ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಇದನ್ನು ಲೈಂಗಿಕ ರೋಗವೆಂದು ಪರಿಗಣಿಸುವುದಿಲ್ಲ. ಅವಿವಾಹಿತ ಹುಡುಗಿಗೂ ಬರಬಹುದು. ಆದ್ದರಿಂದ ಪತ್ನಿಯನ್ನಾಗಲಿ ಪತಿಯನ್ನಾಗಲಿ ಸಂಶಯದಿಂದ ನೋಡಬೇಕಾಗಿಲ್ಲ. ಪತಿಗೂ ತುರಿಕೆಯಿದ್ದರೆ ಮಾತ್ರ ಅವರಿಗೂ ಚಿಕಿತ್ಸೆ ಬೇಕು.

ಯಾಕೆ ಬರುತ್ತದೆ?

ಆ್ಯಂಟಿಬಯೋಟಿಕ್ ಮಾತ್ರೆಗಳು ಯೋನಿಯನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ. ಆಗ ಶಿಲೀಂಧ್ರ ಬೆಳೆಯುತ್ತದೆ. ಗರ್ಭಾವಸ್ಥೆ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇತರ ಮುಖ್ಯ ಕಾರಣಗಳು. ಇಂದು ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಈ ಸೋಂಕು ಬರುವ ಸಂಭವ ಹೆಚ್ಚು. ಅವನ್ನು ಸೇವಿಸುತ್ತಿದ್ದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಏನು ಮಾಡಬಹುದು?

* ಹೊರಭಾಗವನ್ನು ಬರೀ ನೀರಿನಿಂದ ತೊಳೆದು, ಉಜ್ಜದೆ ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ. ತೊಳೆಯುವುದು, ಒರೆಸುವುದು ಮುಂದಿನಿಂದ ಹಿಂದಕ್ಕೆ ಇರಲಿ.
* ಹತ್ತಿಯ, ಸಡಿಲವಾದ ಒಳ ಉಡುಪು ಧರಿಸಿ. ಬೆವರಿನಿಂದ ಅಥವಾ ಮಳೆಯಿಂದ ಒದ್ದೆಯಾದರೆ ಕೂಡಲೇ ಬದಲಾಯಿಸಿ.
* ಯಾರಿಗೂ ಕಾಣಬಾರದೆಂದು ಒಳ ಉಡುಪನ್ನು ಬೇರೆ ಬಟ್ಟೆಯ ಕೆಳಗೆ ಒಣಗಿಸುವ ರೂಢಿ ಬಿಡಿ. ಬಿಸಿಲಿಲ್ಲದ ಮಳೆಗಾಲದಲ್ಲಿ ಇಸ್ತ್ರಿ ಹಾಕಿ ತೇವ ಪೂರ್ತಿ ಆರಿಸಿ.
* ಉರಿ ಹೆಚ್ಚಿದ್ದರೆ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹೊರಗಿನಿಂದ ಇಟ್ಟುಕೊಳ್ಳಿ. ಉಗುರು ಕತ್ತರಿಸಿರಲಿ.

ಇವು ಹಿತ ಕೊಡುತ್ತವೆ. ಸೋಂಕು ವಾಸಿಯಾಗಲು ಔಷಧವೇ ಬೇಕು.

ಏನು ಮಾಡಬಾರದು?

ಸೋಪು, ಡೆಟ್ಟಾಲ್, ಸುವಾಸನೆಯ ದ್ರಾವಣಗಳಿಂದ ತೊಳೆಯಬೇಡಿ. ಯೋನಿಯ ಒಳಭಾಗವನ್ನು ತೊಳೆಯುವ ಅಗತ್ಯವೇ ಇಲ್ಲ. ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಬೆಳ್ಳುಳ್ಳಿ, ಅರಿಶಿನ, ಅಡಿಗೆ ಸೋಡಾ, ಮೊಸರು ಯಾವುದನ್ನೂ ಒಳಗೆ ಇಡಬೇಡಿ. ಮೊಸರು ಊಟಕ್ಕೆ ಒಳ್ಳೆಯದು, ಆದರೆ ಈ ಸೋಂಕಿಗೆ ಮದ್ದಲ್ಲ.

ಎಲ್ಲಕ್ಕಿಂತ ಅಪಾಯ ಕ್ಲೋಬೆಟಸಾಲ್, ಬೀಟಾಮೆಥಸೋನ್ ಮುಂತಾದ ಸ್ಟೀರಾಯ್ಡ್ ಬೆರೆತ ಮುಲಾಮುಗಳು. ತುರಿಕೆ ಕೂಡಲೇ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಟ್ಯೂಬಿನ ಮೇಲೆ ಈ ಹೆಸರುಗಳಿದ್ದರೆ ವೈದ್ಯರು ಹೇಳದೆ ಹಚ್ಚಬೇಡಿ.

ವೈದ್ಯರ ಬಳಿ ಯಾವಾಗ?

ಮೊದಲ ಬಾರಿ ಬಂದಾಗ ತೋರಿಸಿಯೇ ಔಷಧ ತೆಗೆದುಕೊಳ್ಳಿ. ಏಕೆಂದರೆ ಎಲ್ಲ ತುರಿಕೆಯೂ ಯೀಸ್ಟ್ ಅಲ್ಲ. ಮೀನಿನಂತಹ ವಾಸನೆ, ಹಳದಿ ಅಥವಾ ಹಸಿರು ಸ್ರಾವ, ಕಿಬ್ಬೊಟ್ಟೆ ನೋವು, ಜ್ವರ, ರಕ್ತ ಕಂಡರೆ ಕಾರಣ ಬೇರೆ, ಔಷಧವೂ ಬೇರೆ. ಮುಟ್ಟು ನಿಂತವರಿಗೆ ತುರಿಕೆ ಹೆಚ್ಚಾಗಿ ಒಣಗುವಿಕೆ ಅಥವಾ ಚರ್ಮರೋಗದಿಂದ ಬರುತ್ತದೆ. ಪುಟ್ಟ ಹುಡುಗಿ ರಾತ್ರಿ ಹೊತ್ತು ಕೆರೆದುಕೊಳ್ಳುತ್ತಿದ್ದರೆ ಜಂತುಹುಳು ಇರಬಹುದು.

ಯೀಸ್ಟ್ ಎಂದು ಖಚಿತವಾದರೆ ಯೋನಿಯಲ್ಲಿಡುವ ಕ್ಲೋಟ್ರಿಮಜೋಲ್ ಮಾತ್ರೆ ಅಥವಾ ನುಂಗುವ ಫ್ಲುಕೊನಜೋಲ್ 150 ಮಿ.ಗ್ರಾಂ. ಒಂದು ಮಾತ್ರೆ ಸಾಮಾನ್ಯವಾಗಿ ಸಾಕಾಗುತ್ತದೆ. ಗರ್ಭಿಣಿಯರು ನುಂಗುವ ಮಾತ್ರೆ ತೆಗೆದುಕೊಳ್ಳಬಾರದು. ಅವರಿಗೆ ಯೋನಿಯಲ್ಲಿಡುವ ಔಷಧವನ್ನೇ 7 ದಿನ ಕೊಡುತ್ತಾರೆ. ವರ್ಷದಲ್ಲಿ ಮೂರು ಬಾರಿ ಅಥವಾ ಹೆಚ್ಚು ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವುದು ಈ ತುರಿಕೆಯಿಂದಲೇ ಮೊದಲು ಗೊತ್ತಾಗುವುದೂ ಉಂಟು.

ಹೇಳಲು ಸಂಕೋಚವೆನಿಸಿದರೆ ಮಹಿಳಾ ವೈದ್ಯರಲ್ಲಿಗೆ ಹೋಗಿ. ಎಷ್ಟು ದಿನದಿಂದ ಇದೆ, ಸ್ರಾವದ ಬಣ್ಣವೇನು, ಯಾವ ಮುಲಾಮು ಹಚ್ಚಿದ್ದೀರಿ ಎಂದು ಚೀಟಿಯಲ್ಲಿ ಬರೆದು ಕೊಟ್ಟರೂ ಸಾಕು. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಹೇಳುವಾಗ ಈ ವಿಷಯವನ್ನೂ ತಾಯಂದಿರು ಹೇಳಿಬಿಡಿ. ಮುಂದೆ ತೊಂದರೆಯಾದಾಗ ಅವರು ಮೊದಲು ನಿಮ್ಮ ಬಳಿಗೇ ಬರುತ್ತಾರೆ.