ತೀರ್ಥಯಾತ್ರೆಯೋ, ದ್ವೀಪವಿಹಾರವೋ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಕರಾವಳಿಯ ಜಿನಕ್ಷೇತ್ರಗಳು ಐನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿವೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಪ್ರತಿಷ್ಠಾಪಿತನಾದ ಕಾರ್ಕಳದ ಬಾಹುಬಲಿ, ವರಂಗದ ಕೆರೆ ಬಸದಿ, ಇವುಗಳ ದರ್ಶನಕ್ಕೆಂದು ಶ್ರಾವಕರು ಇಷ್ಟು ದೂರ ಹೋಗುವುದು ಯೋಗ್ಯವೇ. ಆದರೆ ಯಾತ್ರೆಯ ಪಟ್ಟಿಯ ತುದಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಸೇರಿಸಿ, 'ಇದು ಸುಸ್ಥಿರ ಪ್ರವಾಸೋದ್ಯಮ, ಪ್ರಕೃತಿಗೆ ಹಾನಿಯಿಲ್ಲ' ಎಂದು ಸಮಾಧಾನ ಹೇಳಿಕೊಳ್ಳುವುದು ವಿಚಾರಾರ್ಹವಾದ ಸಂಗತಿ. ಚೀಟಿ ಅಂಟಿಸಿದ ಮಾತ್ರಕ್ಕೆ ಸರಕು ಶುದ್ಧವಾಗದೆಂಬುದನ್ನು ವ್ಯಾಪಾರಿ ಸಮಾಜಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಆ ದ್ವೀಪ ಜನವಸತಿಯಿಲ್ಲದ ಸಣ್ಣ ನೆಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಬಿರಿದು, ಅಲ್ಲಿ ಕಂಬಗಳಂತೆ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಹಾಬಾದಿನ ಫರಸಿಯನ್ನೂ, ವಾಡಿ-ಸೇಡಂಗಳ ಸಿಮೆಂಟಿಗೆ ಹೋಗುವ ಸುಣ್ಣಕಲ್ಲನ್ನೂ ಕಂಡವರಿಗೆ ಕಲ್ಲಿನ ಲೆಕ್ಕ ಗೊತ್ತು: ತೆಗೆದದ್ದು ತಿರುಗಿ ಬೆಳೆಯುವುದಿಲ್ಲ, ಗುಂಡಿ ಮಾತ್ರ ಉಳಿಯುತ್ತದೆ.

ಸುಸ್ಥಿರತೆ ಎಂಬ ಮಾತು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಶ್ರಾವಕಾಚಾರವು ತಿರುಗಾಟಕ್ಕೆ ಮಿತಿ ಹಾಕಿದೆ. ದಿಗ್ವ್ರತವು ಹತ್ತೂ ದಿಕ್ಕುಗಳಲ್ಲಿ ಸಂಚಾರದ ಎಲ್ಲೆಯನ್ನು ಗೊತ್ತುಪಡಿಸುತ್ತದೆ. ಅನರ್ಥದಂಡವಿರತಿಯು ಪ್ರಯೋಜನವಿಲ್ಲದ ಹಿಂಸೆಯನ್ನು ನಿಷೇಧಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು ಇವುಗಳ ಸಾಲಿನಲ್ಲಿಯೇ ವ್ಯರ್ಥವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ತಿರುಗುವವನಷ್ಟೇ ದೋಷಿಯಲ್ಲ, ಬಸ್ಸು ಗೊತ್ತುಮಾಡುವ ಟ್ರಸ್ಟೂ ಉತ್ತರ ಹೇಳಬೇಕಾಗುತ್ತದೆ.

'ಹೋಗಿ, ನೋಡಿ, ಬರುವುದರಲ್ಲಿ ಹಿಂಸೆ ಎಲ್ಲಿದೆ?' ಎಂದು ಕೇಳುವವರಿದ್ದಾರೆ. ಆ ತೀರದ ತುಂಬ ಚಿಪ್ಪುಗಳಿವೆ. ಮಕ್ಕಳು ಅವನ್ನು ಆಯುತ್ತಾರೆ, ಹಿರಿಯರು ಚೀಲ ಹಿಡಿಯುತ್ತಾರೆ. ಶಂಖ, ಸಿಂಪಿಗಳು ದ್ವೀಂದ್ರಿಯ ಜೀವಗಳೆಂದು ಪಾಠಶಾಲೆಯಲ್ಲಿ ಕಲಿತ ಮಗುವಿಗೆ ಆಗ ದೊರೆಯುವ ಪಾಠ ಯಾವುದು? ಬರಿದಾದ ಶಂಖವೂ ದಿಕ್ಕಿಲ್ಲದ ಸೊತ್ತಲ್ಲ. ಸನ್ಯಾಸಿ ಏಡಿಯು ತನ್ನ ಮೆತ್ತನೆಯ ಮೈಯನ್ನು ಅಂಥ ಶಂಖದಲ್ಲಿಯೇ ಅಡಗಿಸಿ ಬದುಕುತ್ತದೆ. ಕೊಡದುದನ್ನು ತೆಗೆದುಕೊಂಡರೆ ಅಸ್ತೇಯಕ್ಕೂ ಭಂಗ, ಮನೆ ಕಸಿದರೆ ಅಹಿಂಸೆಗೂ ಭಂಗ.

ಇನ್ನು ಸಮಾಜದ ನೆನಪಿನಲ್ಲಿ ಹಸಿಯಾಗಿರುವ ಒಂದು ಸಂಗತಿ. ಸಮ್ಮೇದ ಶಿಖರ್ಜಿಯ ಪಾರಸನಾಥ ಬೆಟ್ಟದ ಸುತ್ತಲಿನ ವಲಯ ಕುರಿತ 2019ರ ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ಅವಕಾಶವಿತ್ತು. ಅದನ್ನು ವಿರೋಧಿಸಿ ದೇಶದುದ್ದಕ್ಕೂ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ಪವಿತ್ರ ಬೆಟ್ಟಕ್ಕೆ 'ಪರಿಸರ ಪ್ರವಾಸ' ಎಂಬ ಸವಿಮಾತು ಸಾಲದೆಂದು ವಾದಿಸಿದ ಸಮಾಜವು, ಮೂಕಜೀವಿಗಳ ದ್ವೀಪದಲ್ಲಿ ಅದೇ ಸವಿಮಾತಿನ ಮರೆಯಲ್ಲಿ ನಿಲ್ಲಬಹುದೇ? ತಕ್ಕಡಿ ಎರಡು ಇರಬಾರದು.

ದೋಣಿಯವರ ಜೀವನೋಪಾಯದ ಪ್ರಶ್ನೆ ನಿಜವಾದದ್ದು, ಅದನ್ನು ಹಗುರವಾಗಿ ತಳ್ಳಲಾಗದು. ಆದರೆ ದ್ವೀಪ ಕೆಟ್ಟರೆ ಮೊದಲು ಬರಿಗೈಯಾಗುವವರು ಅವರೇ. ಮಳೆಗಾಲದಲ್ಲಿ ಕಡಲು ಒರಟಾಗಿ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಅದೇ ಕಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸಕ್ಕೆ ಕೂಡುತ್ತಾರೆ. ಭಯದಿಂದ ನಿಲ್ಲುವುದಕ್ಕೂ ದಯೆಯಿಂದ ನಿಲ್ಲುವುದಕ್ಕೂ ಇರುವ ಅಂತರವನ್ನು ಶ್ರಾವಕನಾದವನು ಅರಿಯಬೇಕು.

ಆದುದರಿಂದ ಬಸದಿ ಟ್ರಸ್ಟುಗಳು ಯಾತ್ರೆಯ ಪಟ್ಟಿಯಿಂದ ದ್ವೀಪವನ್ನು ಕೈಬಿಡುವುದೇ ಉತ್ತಮ. ಹೋಗಲೇಬೇಕೆನ್ನುವ ಕುಟುಂಬಗಳು ಆ ದಿನದ ಮಟ್ಟಿಗೆ ನಿಯಮ ಸ್ವೀಕರಿಸಿ ಹೋಗಲಿ: ಪ್ಲಾಸ್ಟಿಕ್ ಬಾಟಲಿ ಒಯ್ಯಲಾಗದು, ಚಿಪ್ಪು-ಕಲ್ಲು ಮುಟ್ಟಲಾಗದು, ಒಯ್ದುದೆಲ್ಲ ಮರಳಿ ತರಬೇಕು. ನೀರಿನ ನಡುವಿನ ನೆಲಕ್ಕೆ ಹೇಗೆ ಹೋಗಬೇಕೆಂಬುದನ್ನು ವರಂಗದ ಕೆರೆ ಬಸದಿಯೇ ಕಲಿಸುತ್ತದೆ. ಅಲ್ಲಿಗೆ ಸಣ್ಣ ದೋಣಿಯಲ್ಲಿ ಕೆಲವರೇ ಹೋಗುತ್ತಾರೆ, ದರ್ಶನ ಪಡೆದು ಮರಳುತ್ತಾರೆ, ಏನನ್ನೂ ತರುವುದಿಲ್ಲ.

ಕಡೆಗೆ ಮನೆಯ ಬಾಗಿಲ ಮಾತು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಅಲ್ಲಿ ನೇಮಿನಾಥ ಬಸದಿ ಇಂದಿಗೂ ನಿಂತಿದೆ. ಈ ಐದೂ ಊರುಗಳ ಎಷ್ಟು ಮಕ್ಕಳು ಅದನ್ನು ಕಂಡಿದ್ದಾರೆ? ಕಡಲಿನಾಚೆ ಕಣ್ಣು ಹಾಯಿಸುವ ಮೊದಲು ಪ್ರತಿ ಟ್ರಸ್ಟೂ ಈ ಲೆಕ್ಕವನ್ನು ತನ್ನ ಖಾತೆಯಲ್ಲಿ ಬರೆದು ನೋಡಲಿ.