ತೊಟ್ಟೆಗೆ ದಂಡ, ಸುಪ್ರದ ರೋಲಿಗೆ ಮಾಫಿ

ಪ್ಲಾಸ್ಟಿಕ್ ನಿಷೇಧ ಅಂದ ಕೂಡಲೇ ನಮಗೆ ನೆನಪಾಗುವುದು ಮೀನು ಮಾರ್ಕೆಟಿನ ತೊಟ್ಟೆ. ಅಧಿಕಾರಿಗಳು ಬಂದರು, ಅಂಗಡಿಯಿಂದ ಇಷ್ಟು ಕೆ.ಜಿ. ತೊಟ್ಟೆ ಹಿಡಿದರು, ದಂಡ ಹಾಕಿದರು ಎಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ನಾಲ್ಕು ದಿನ ಎಲ್ಲರೂ ಪೇಪರಿನಲ್ಲಿ ಕಟ್ಟಿ ಕೊಡುತ್ತಾರೆ. ಐದನೇ ದಿನ ಬೂತಾಯಿ ಮತ್ತೆ ತೊಟ್ಟೆಯಲ್ಲೇ ಮನೆಗೆ ಬರುತ್ತದೆ.

ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಒಮ್ಮೆ ಪೂರ್ತಿ ಓದಬೇಕು. ಅದರಲ್ಲಿ ಇರುವುದು ತೊಟ್ಟೆ ಮಾತ್ರ ಅಲ್ಲ. ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್, ತಟ್ಟೆ, ಲೋಟ, ಚಮಚ ಎಲ್ಲ ಉಂಟು. (ಮೀಲಾದ್ ಮತ್ತು ಉರೂಸ್ ಸಮಯದಲ್ಲಿ ನಾವು ರಸ್ತೆ ತುಂಬ ಕಟ್ಟುವ ಫ್ಲೆಕ್ಸ್ ಕೂಡ ಇದರಲ್ಲೇ ಬರುತ್ತದೆ, ಅದು ಬೇರೆ ವಿಷಯ.) ಅದೇ ಪಟ್ಟಿಯಲ್ಲಿ ಇನ್ನೊಂದು ಇದೆ: ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ. ದಪ್ಪ ಎಷ್ಟೇ ಇರಲಿ, ನಿಷೇಧ. ಅಂದರೆ ಮದುವೆ ಹಾಲ್‌ಗಳಲ್ಲಿ ಸುಪ್ರ ಹಾಸಲು ಈ ತುದಿಯಿಂದ ಆ ತುದಿಗೆ ಎಳೆಯುವ ಆ ಬಿಳಿ ರೋಲ್ ನಮ್ಮ ರಾಜ್ಯದಲ್ಲಿ 2016ರಿಂದಲೇ ಕಾನೂನುಬಾಹಿರ. ಇದಕ್ಕಾಗಿ ಹಾಲ್‌ಗೆ ರೇಡ್ ಆದ ಸುದ್ದಿ ನೀವು ಓದಿದ್ದೀರಾ? ನಾನಂತೂ ಓದಿಲ್ಲ. ದಂಡ ಬೀಳುವುದು ಸಣ್ಣ ಅಂಗಡಿಯವನಿಗೆ.

ರೋಲಿನ ತೊಂದರೆ ತೊಟ್ಟೆಯ ತೊಂದರೆಗಿಂತ ದೊಡ್ಡದು, ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪಂಕ್ತಿ ಎದ್ದ ಕೂಡಲೇ ಹುಡುಗರು ಎರಡು ಬದಿಯಿಂದ ಹಾಳೆ ಎತ್ತಿ ಸುತ್ತುತ್ತಾರೆ. ಅದರೊಳಗೆ ಅನ್ನ, ಎಲುಬು, ಟಿಶ್ಯೂ, ಐಸ್‌ಕ್ರೀಮ್ ಕಪ್, ಅರ್ಧ ಕುಡಿದ ನೀರಿನ ಬಾಟಲಿ ಎಲ್ಲ ಸೇರಿ ಒಂದು ಮೂಟೆಯಾಗುತ್ತದೆ. ಕೆಲಸ ಬೇಗ ಆಗುತ್ತದೆ, ಮುಂದಿನ ಪಂಕ್ತಿ ಕೂರುತ್ತದೆ. ಆದರೆ ಆ ಮೂಟೆಯನ್ನು ಆಮೇಲೆ ಯಾರೂ ಬಿಡಿಸಲಾರರು. ನಮ್ಮವರಲ್ಲಿ ಗುಜರಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಕೇಳಿ. ಖಾಲಿ ಬಾಟಲಿಗೆ ರೇಟು ಇದೆ, ಅವರು ತೆಗೆದುಕೊಳ್ಳುತ್ತಾರೆ. ಎಣ್ಣೆ, ಸಾರು ಮೆತ್ತಿದ ತೆಳು ಹಾಳೆಗೆ ರೇಟು ಇಲ್ಲ. ರೇಟು ಇಲ್ಲದ್ದು ಹೋಗುವುದು ತೋಡಿಗೆ, ಇಲ್ಲವೇ ಬೆಂಕಿಗೆ, ಇಲ್ಲವೇ ಡಂಪಿಂಗ್ ಯಾರ್ಡಿಗೆ. ರೇಟು ಇದ್ದ ಬಾಟಲಿಯನ್ನೂ ಅದರೊಳಗೇ ಸುತ್ತಿ ಹಾಳು ಮಾಡಿರುತ್ತೇವೆ.

ಡಂಪಿಂಗ್ ಯಾರ್ಡ್ ಅಂದರೆ ಏನು ಅಂತ ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡವೇ ಜರಿದು ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಬಂದು ನಿಂತಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡ ಬೇರೆಲ್ಲಿಂದಲೂ ಬಂದದ್ದಲ್ಲ, ನಮ್ಮ ಮನೆ, ಹೋಟೆಲು, ಹಾಲ್‌ಗಳಿಂದಲೇ ಹೋದದ್ದು.

ಇನ್ನು ಕೇಂದ್ರದ ಕಾನೂನು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಬಾಕ್ಸಿಗೂ ಆಮಂತ್ರಣ ಪತ್ರಕ್ಕೂ ಸುತ್ತುವ ತೆಳು ಪ್ಲಾಸ್ಟಿಕ್ ಎಲ್ಲ ದೇಶದಲ್ಲೇ ನಿಷೇಧ. ಆದರೆ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಸ್ಯಾಶೆ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಬೇರೆ ದಾರಿ ಹಿಡಿದಿದ್ದಾರೆ: ಕಂಪೆನಿ ಎಷ್ಟು ಪ್ಲಾಸ್ಟಿಕ್ ಮಾರುಕಟ್ಟೆಗೆ ಬಿಡುತ್ತದೋ ಅದರ ಲೆಕ್ಕಕ್ಕೆ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿಸಬೇಕು, ಅದಕ್ಕೆ ಪ್ರಮಾಣಪತ್ರ ತೋರಿಸಬೇಕು. ಕೇಳಲು ಚೆನ್ನಾಗಿದೆ. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕಿತು. ಕಸ ಹೆಕ್ಕದೆಯೇ ಹೆಕ್ಕಿದ್ದೇವೆ ಅಂತ ಕಾಗದ!

ಅಂಗಡಿಯಲ್ಲಿ ಕೊಡುವ 'ಬಟ್ಟೆ ಚೀಲ'ದಲ್ಲೂ ಒಂದು ಮೋಸ ಉಂಟು. ಕೈಗೆ ಬಟ್ಟೆಯ ಹಾಗೆ ಸಿಗುವ ಆ ಬಣ್ಣದ ಚೀಲಗಳಲ್ಲಿ ಹೆಚ್ಚಿನವು ಹತ್ತಿ ಅಲ್ಲ, ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ನಾಲ್ಕು ಸಲ ಬಿಸಿಲಿಗೆ ಬಿದ್ದರೆ ಪುಡಿ ಪುಡಿ. ಈ ಪಾಲಿಪ್ರೊಪಿಲೀನ್ ನಮ್ಮ ಊರಲ್ಲೇ ತಯಾರಾಗುತ್ತದೆ. ಎಂಆರ್‌ಪಿಎಲ್ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಜುಬೈಲಿನಲ್ಲಿ ದುಡಿಯುವ ನಮ್ಮವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು, ಅಲ್ಲಿನ ದೊಡ್ಡ ದೊಡ್ಡ ಪ್ಲಾಂಟುಗಳ ಮಾಲೇ ಇದು. ನಮ್ಮ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತದೆ, ಅದನ್ನು ಮರೆತು ಮಾತಾಡಬಾರದು.

ಜಾಗತಿಕ ಮಾತುಕತೆ ಮುರಿದದ್ದೂ ಇಲ್ಲೇ. ಪ್ಲಾಸ್ಟಿಕ್ ಬಗ್ಗೆ ಒಂದು ಒಪ್ಪಂದ ಮಾಡಬೇಕು ಅಂತ ವಿಶ್ವಸಂಸ್ಥೆಯ ಪರಿಸರ ಸಭೆ 2022ರಲ್ಲಿ ನೈರೋಬಿಯಲ್ಲಿ ತೀರ್ಮಾನಿಸಿತು. 2024ರ ಕೊನೆಯಲ್ಲಿ ಬುಸಾನ್‌ನಲ್ಲಿ ಆಗಲಿಲ್ಲ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಆಗಲಿಲ್ಲ. ಹೆಚ್ಚುಕಡಿಮೆ ನೂರು ದೇಶಗಳು ತಯಾರಿಯನ್ನೇ ಕಡಿಮೆ ಮಾಡೋಣ ಅಂದವು. ಸೌದಿ, ಕುವೈತ್‌ನಂಥ ತೈಲ ದೇಶಗಳು ಕಸದ ವಿಲೇವಾರಿ ಬಗ್ಗೆ ಮಾತ್ರ ಮಾತಾಡೋಣ ಅಂದವು. ಭಾರತವೂ ತಯಾರಿಗೆ ಮಿತಿ ಹಾಕುವುದನ್ನು ಒಪ್ಪಲಿಲ್ಲ. ನಲ್ಲಿ ತಿರುಗಿಸದೆ ನೆಲ ಒರೆಸುವ ಕೆಲಸ ಇದು.

ಹಾಗಾದರೆ ಮೇಲಿನವರು ನಲ್ಲಿ ತಿರುಗಿಸುವವರೆಗೆ ನಾವು ಸುಮ್ಮನಿರುವುದಾ? ಪಕ್ಕದ ಕೇರಳ ನೋಡಿ. ಅಲ್ಲಿ ಮದುವೆ, ಸಮಾರಂಭಗಳಿಗೆ 'ಗ್ರೀನ್ ಪ್ರೋಟೊಕಾಲ್' ಅಂತ ಇದೆ. ಕಾಸರಗೋಡಿಗೆ ಮದುವೆಗೆ ಹೋದವರಿಗೆ ಗೊತ್ತಿರಬಹುದು. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಮದುವೆ ಸಮಾರಂಭಗಳಲ್ಲಿ ಸಣ್ಣ ನೀರಿನ ಬಾಟಲಿಯನ್ನೂ ನಿಷೇಧಿಸಿ ಆದೇಶ ಕೊಟ್ಟಿತು. ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಅಲ್ಲಿ ಇದ್ದಾರೆ. ಎಲ್ಲ ಸರಿಯಾಗಿದೆ ಅಂತಲ್ಲ. ಆದರೆ ಅಲ್ಲಿ ಕಾನೂನು ಹಾಲ್‌ನ ಬಾಗಿಲಿಗಾದರೂ ಬಂದು ಮುಟ್ಟಿದೆ.

ನಮ್ಮಲ್ಲಿ ಆ ಬಾಗಿಲಿಗೆ ಮುಟ್ಟುವ ಶಕ್ತಿ ಇರುವುದು ಜಮಾಅತ್‌ಗೆ. ನಿಖಾಹ್ ದಫ್ತರಿಗೆ ಹೆಸರು ಬರೆಸಲು ಪ್ರತಿ ಮನೆಯವರೂ ಕಮಿಟಿಯ ಮುಂದೆ ಬರಲೇಬೇಕು. ಡಿಜೆ, ಪಟಾಕಿ ಬೇಡ ಅಂತ ಹಲವು ಜಮಾಅತ್‌ಗಳು ನಿಯಮ ಮಾಡಿವೆ, ಅದು ನಡೆಯುತ್ತಲೂ ಇದೆ. ಅದೇ ಕಾಗದದಲ್ಲಿ 'ಪ್ಲಾಸ್ಟಿಕ್ ರೋಲ್ ಇಲ್ಲ, ಸಣ್ಣ ಬಾಟಲಿ ಇಲ್ಲ' ಅಂತ ಒಂದು ಸಾಲು ಸೇರಿಸಲು ಯಾವ ಸರ್ಕಾರದ ಅನುಮತಿಯೂ ಬೇಡ. ದಾರಿಯಲ್ಲಿ ಬಿದ್ದ ಮುಳ್ಳು ತೆಗೆಯುವುದು ಈಮಾನಿನ ಭಾಗ ಅಂತ ಮದ್ರಸದಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇವಲ್ಲ, ಅವರೇ ಮದುವೆಗೆ ಬಂದು ನಾವು ಕಟ್ಟುವ ಮೂಟೆಯನ್ನೂ ನೋಡುತ್ತಾರೆ.

ಇದಕ್ಕೆ ಬರುವ ಆಕ್ಷೇಪಗಳು ಸುಳ್ಳಲ್ಲ. ಏಪ್ರಿಲ್-ಮೇಯಲ್ಲಿ ಸ್ಟೀಲ್ ತಟ್ಟೆ ತೊಳೆಯಲು ನೀರು ಎಲ್ಲಿಂದ ಅಂತ ಹಾಲ್‌ನವರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಪುತ್ತೂರು, ಸುಳ್ಯದ ಕಡೆ ಅಡಿಕೆ ಹಾಳೆ ತಟ್ಟೆ ಬೇಕಾದಷ್ಟು ತಯಾರಾಗುತ್ತದೆ, ಆದರೆ ಅದಕ್ಕೆ ರೇಟು ಜಾಸ್ತಿ. ಸಾವಿರ ಜನರ ಊಟ ಅಂದರೆ ಹೆಣ್ಣಿನ ಬಾಪಾನ ಕಿಸೆಗೆ ಮತ್ತೊಂದು ಭಾರ. ಹಾಗಾಗಿ ನಿಯಮ ಮಾಡುವ ಜಮಾಅತ್ ಬಟ್ಟೆಯ ಅಥವಾ ತೊಳೆದು ಮತ್ತೆ ಬಳಸುವ ದಪ್ಪ ಸುಪ್ರ, ಸ್ಟೀಲ್ ಲೋಟ, ನೀರಿನ ದೊಡ್ಡ ಕ್ಯಾನುಗಳನ್ನು ತಾನೇ ಖರೀದಿಸಿ ಮಸೀದಿಯಲ್ಲಿ ಇಟ್ಟು, ಸಣ್ಣ ಬಾಡಿಗೆಗೆ ಕೊಡಬೇಕು, ಬಡವರಿಗೆ ಪುಕ್ಕಟೆ ಕೊಡಬೇಕು. ಹಿಂದೆ ದೊಡ್ಡ ಚೆಂಬು, ಬಿರಿಯಾನಿ ಪಾತ್ರೆಗಳನ್ನು ಮಸೀದಿಯಿಂದಲೇ ತರುತ್ತಿದ್ದೆವಲ್ಲ, ಹಾಗೇ. ಗಲ್ಫಿನ ನಮ್ಮ ಘಟಕಗಳು ಊರಿಗೆ ಏನಾದರೂ ಮಾಡೋಣ ಅಂತ ಕೇಳುವಾಗ ಇದನ್ನು ಹೇಳಬಹುದು.

ಇನ್ನೊಂದು ವಿಷಯ, ಕೇಟರಿಂಗ್‌ನವರ ಹತ್ತಿರ ರೇಟು ಮಾತಾಡುವ ದಿನವೇ ಇದನ್ನು ಹೇಳಬೇಕು. ಮದುವೆಯ ದಿನ ಹೇಳಿದರೆ ರೋಲ್ ಆಗಲೇ ಗಾಡಿಯಲ್ಲಿ ಬಂದಾಗಿರುತ್ತದೆ. ಶವ್ವಾಲ್ ತಿಂಗಳ ಮದುವೆಗಳಿಗೆ ಹಾಲ್ ಬುಕ್ಕಿಂಗ್ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ, ಹಾಗಾಗಿ ಕಮಿಟಿಯಲ್ಲಿ ಈ ಮಾತು ರಮಝಾನಿಗೆ ಮುಂಚೆಯೇ ಬರಬೇಕು.