ಲಕ್ಷ್ಮಿಯ ಹೆಸರು ಒಡೆದದ್ದು ಯಾರ ತಪ್ಪು?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸ್ಟಾಲ್‌ನಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟಿದ್ವಿ. ಹೆಸರು ಟೈಪ್ ಮಾಡಿದ್ರೆ ಸಾಕು, ಹಳದಿ-ಕೆಂಪು ಬಣ್ಣದ ದುಂಡನೆಯ ಬ್ಯಾಡ್ಜ್ ತೆರೆಯ ಮೇಲೆ ಬರುತ್ತೆ, ಹೆಸರು ಅದರ ಮೇಲಂಚಿನಲ್ಲಿ ಕಮಾನಿನ ಹಾಗೆ ಬಾಗಿ ಕೂರುತ್ತೆ. ಜಾವಾ ಸ್ವಿಂಗ್‌ನಲ್ಲಿ ನಾವೇ ಬರೆದ ಪ್ರೋಗ್ರಾಂ. ಲ್ಯಾಬಿನ ಮಿನಿ ಪ್ರಾಜೆಕ್ಟೂ ಅದೇ ಆಗಿತ್ತು, ಒಳ್ಳೆ ಮಾರ್ಕ್ಸೇ ಬಂದಿತ್ತು.

ಮೊದಲು ಬಂದ ಏಳೆಂಟು ಜನ ಇಂಗ್ಲಿಷಲ್ಲೇ ಹೆಸರು ಹೊಡೆದ್ರು, ಎಲ್ಲ ಸರಿ ಬಂತು. ಆಮೇಲೆ ಮೊದಲ ವರ್ಷದ ಹುಡುಗಿಯೊಬ್ಬಳು ಬಂದು ಕನ್ನಡದಲ್ಲಿ 'ಲಕ್ಷ್ಮಿ' ಅಂತ ಟೈಪ್ ಮಾಡಿದಳು. ಬ್ಯಾಡ್ಜ್ ಮೇಲೆ ಬಂದದ್ದು ಒಂದು ಲ, ಒಂದು ಕ, ಚುಕ್ಕಿಗಳ ವೃತ್ತದ ಮೇಲೆ ಕೂತ ಒಂದು ಅರ್ಧ ಕೊಂಬು, ಆಚೆಗೆ ಒಂದು ಷ... ಹೀಗೆ ಚೂರುಚೂರು. ಅವಳು ಸ್ವಲ್ಪ ಹೊತ್ತು ನೋಡಿ, "ಪರವಾಗಿಲ್ಲ ಅಕ್ಕಾ, ಇಂಗ್ಲಿಷಲ್ಲೇ ಹಾಕಿಬಿಡಿ" ಅಂದಳು. ನಾವೂ ಹಾಕಿಕೊಟ್ವಿ. ಕನ್ನಡ ಸಂಘದ ಸ್ಟಾಲ್‌ನಲ್ಲಿ, ನವೆಂಬರ್ 1ರಂದು.

ಆ 'ಪರವಾಗಿಲ್ಲ' ನಮ್ಮನ್ನ ಇವತ್ತಿಗೂ ಚುಚ್ಚುತ್ತೆ. ಅದಕ್ಕೇ ಈ ಬರಹ.

ಆ ದಿನ ಸಂಜೆ ನಮ್ಮಲ್ಲೇ ಒಬ್ಬರು "ಜಾವಾದಲ್ಲಿ ಕನ್ನಡ ಸಪೋರ್ಟ್ ಸರಿ ಇಲ್ಲ ಬಿಡ್ರೋ" ಅಂದ್ರು. ಇದು ಸುಳ್ಳು. ಅದೇ ಹೆಸರನ್ನ ಒಂದು ಸಾದಾ ಜೆಲೇಬಲ್‌ಗೆ ಹಾಕಿ ನೋಡಿದ್ವಿ, 'ಲಕ್ಷ್ಮಿ' ಅಂತ ಮುದ್ದಾಗಿ ಬಂತು. ಜಾವಾ 9ರಿಂದ ಅಕ್ಷರ ಜೋಡಿಸೋ ಕೆಲಸವನ್ನ ಹಾರ್ಫ್‌ಬಝ್ ಮಾಡುತ್ತೆ. ಬ್ರೌಸರ್‌ಗಳಲ್ಲೂ ಆಂಡ್ರಾಯ್ಡ್‌ನಲ್ಲೂ ಕನ್ನಡ ಸರಿಯಾಗಿ ಕಾಣೋದರ ಹಿಂದೆ ಇರೋದು ಇದೇ ಹಾರ್ಫ್‌ಬಝ್. ಅಂದ್ರೆ ಒಡೆದದ್ದು ಜಾವಾ ಅಲ್ಲ, ನಾವು.

ಹೇಗೆ ಅಂತ ಹೇಳ್ತೀವಿ. ಹೆಸರು ಬಾಗಿ ಕೂರಬೇಕಂದ್ರೆ ಒಂದೊಂದೇ ಅಕ್ಷರವನ್ನ ತಿರುಗಿಸಿ ಬರೀಬೇಕು. ನಾವು ಜೆಪ್ಯಾನೆಲ್‌ನ ಪೇಂಟ್‌ಕಾಂಪೊನೆಂಟ್ ಒಳಗೆ ಒಂದು ಲೂಪ್ ಹಾಕಿ, ಚಾರ್‌ಆಟ್‌ನಿಂದ ಒಂದೊಂದು ಕ್ಯಾರೆಕ್ಟರ್ ತೆಗೆದು, ಡ್ರಾಸ್ಟ್ರಿಂಗ್‌ಗೆ ಕೊಟ್ವಿ. ಇಂಗ್ಲಿಷಿನಲ್ಲಿ ಇದು ನಡೆಯುತ್ತೆ. ಯೂನಿಕೋಡ್‌ನಲ್ಲಿ ಕನ್ನಡದ ಒತ್ತಕ್ಷರಗಳಿಗೆ ಬೇರೆ ಕೋಡ್ ಇಲ್ಲ. ಮೂಲಾಕ್ಷರ, ಹಲಂತದ ಗುರುತು, ಇನ್ನೊಂದು ಮೂಲಾಕ್ಷರ ಸೇರಿ ಒತ್ತು ಆಗುತ್ತೆ. ಓದೋವಾಗ 'ಲಕ್ಷ್ಮಿ' ಎರಡೇ ಅಕ್ಷರ: ಲ, ಕ್ಷ್ಮಿ. ಲೆಂಗ್ತ್ ಕೇಳಿದ್ರೆ ಜಾವಾ 7 ಅನ್ನುತ್ತೆ. ಆ ಏಳನ್ನೂ ಬಿಡಿಬಿಡಿಯಾಗಿ ಕೊಟ್ರೆ ಹಾರ್ಫ್‌ಬಝ್ ಆದ್ರೂ ಏನು ಜೋಡಿಸೀತು?

ಇನ್ನೂ ನಾಚಿಕೆಯ ವಿಷಯ ಅಂದ್ರೆ, ನಾವು ಕನ್ನಡದಲ್ಲಿ ಟೆಸ್ಟ್ ಮಾಡಿರಲಿಲ್ಲ ಅಂತ ಅಲ್ಲ. ಮಾಡಿದ್ವಿ. 'ಕಮಲ', 'ಭರತ' ಅಂತ ಹಾಕಿ ನೋಡಿದ್ವಿ! ಗುಣಿತ ಇಲ್ಲ, ಒತ್ತು ಇಲ್ಲ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಟೈಪ್ ಮಾಡೋಕೆ ಸುಲಭವಾದ ಹೆಸರುಗಳನ್ನೇ ಆರಿಸಿಕೊಂಡ್ವಿ. ನಮ್ಮ ಸೋಮಾರಿತನವೇ ನಮ್ಮ ಟೆಸ್ಟ್ ಕೇಸ್ ಆಯ್ತು.

ಸರಿಪಡಿಸೋಕೆ ಬೇಕಾದದ್ದು ಸುಮಾರು 15 ಸಾಲಿನ ಕೋಡ್. ಒಂದು ಕ್ಯಾರೆಕ್ಟರ್ ಗುಣಿತದ ಚಿಹ್ನೆಯೋ ಹಲಂತವೋ ಆಗಿದ್ರೆ ಅದನ್ನ ಹಿಂದಿನದಕ್ಕೆ ಸೇರಿಸು. ಹಿಂದಿನದು ಹಲಂತವಾಗಿದ್ರೆ ಈಗ ಬಂದ ವ್ಯಂಜನವನ್ನೂ ಅದಕ್ಕೇ ಸೇರಿಸು. ಹೀಗೆ ಸಿಕ್ಕ ಇಡೀ ಅಕ್ಷರವನ್ನ ಒಂದೇ ಸಲ ಡ್ರಾಸ್ಟ್ರಿಂಗ್‌ಗೆ ಕೊಡು, ಅಗಲವನ್ನ ಫಾಂಟ್‌ಮೆಟ್ರಿಕ್ಸ್‌ನಿಂದ ಕೇಳು. ಒಂದು ಎಚ್ಚರ: ಡ್ರಾಸ್ಟ್ರಿಂಗ್ ಕೇಳೋ ವೈ ಬೆಲೆ ಬೇಸ್‌ಲೈನಿನದು. ಒತ್ತುಗಳು ಅದರ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಹೆಸರಿಗೆ ಬಿಟ್ಟಷ್ಟೇ ಜಾಗ ಬಿಟ್ರೆ 'ಕ್ಷ್ಮಿ'ಯ ಮ ಒತ್ತು ಕೆಳಗಿನ ಚಿತ್ರಕ್ಕೆ ತಾಗುತ್ತೆ.

ಇಷ್ಟೆಲ್ಲ ಆದ ಮೇಲೆ ನಮಗೆ ಅನ್ನಿಸಿದ್ದು ಇದು. ರೆಡಿಮೇಡ್ ಲೇಬಲ್, ಬಟನ್ ಬಳಸೋವಾಗ ಯಾರೋ ನಮ್ಮ ಪರವಾಗಿ ನೂರು ಕೆಲಸ ಮಾಡಿಟ್ಟಿರ್ತಾರೆ. ವಿಂಡೋ ದೊಡ್ಡದಾದ್ರೆ ಮತ್ತೆ ಬರೆಯೋದು, ಟ್ಯಾಬ್ ಕೀ ಒತ್ತಿದ್ರೆ ಫೋಕಸ್ ಬರೋದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಹೆಸರು ಹೇಳೋದು, ಕನ್ನಡ ಜೋಡಿಸೋದು. 'ನಾನೇ ಬರೀತೀನಿ' ಅಂತ ಬ್ರಷ್ ಕೈಗೆ ತಗೊಂಡ ಕ್ಷಣ ಈ ಹೊಣೆಯಲ್ಲಿ ಬಹುಪಾಲು ನಮ್ಮ ತಲೆ ಮೇಲೆ ಬರುತ್ತೆ. ಚಂದ ಕಾಣಲಿ ಅಂತ ಬರೆದು, ಹೊಣೆಯನ್ನ ಮಾತ್ರ ಭಾಷೆ ಮೇಲೆ ಹಾಕೋದು ಸರಿಯಲ್ಲ.

"ಈ ಕಾಲದಲ್ಲಿ ಸ್ವಿಂಗ್ ಯಾರಿಗೆ ಬೇಕು?" ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯೇ. ಆದ್ರೆ ಕ್ಯೂಟಿಯ ಪೇಂಟ್‌ಇವೆಂಟ್, ಆಂಡ್ರಾಯ್ಡ್‌ನ ಆನ್‌ಡ್ರಾ, ವೆಬ್‌ನ ಕ್ಯಾನ್ವಾಸ್, ಎಲ್ಲದರಲ್ಲೂ ಇದೇ ಲೂಪ್ ಬರೆದ್ರೆ ಇದೇ ರೀತಿ ಒಡೆಯುತ್ತೆ. ನಾಳೆ ನಾವು ಕೆಲಸಕ್ಕೆ ಸೇರಿದ ಮೇಲೆ ಬಸ್ ಸ್ಟ್ಯಾಂಡಿನ ಬೋರ್ಡೋ ಆಸ್ಪತ್ರೆಯ ಟೋಕನ್ ಪರದೆಯೋ ಬರೆಯೋ ಪಾಳಿ ನಮ್ಮದೇ ಆಗಬಹುದು. ಅಲ್ಲಿ ತನ್ನ ಹೆಸರು ಚೂರಾಗಿ ಕಂಡ ಅಜ್ಜಿ "ಇಂಗ್ಲಿಷಲ್ಲೇ ಹಾಕಿಬಿಡಿ" ಅನ್ನೋಕೂ ಆಗಲ್ಲ, ಓದೋಕೆ ಬರಬೇಕಲ್ಲ.

ಕೆ. ಪಿ. ರಾವ್ ಅವರಂಥವರು ಕಂಪ್ಯೂಟರ್ ಒಳಗೆ ಕನ್ನಡ ಬರೋಕೆ ದಾರಿ ಮಾಡಿದ್ರು. ನಮ್ಮಲ್ಲಿ ಹಲವರು ಇವತ್ತು ಟೈಪ್ ಮಾಡೋದು ಅವರ ವಿನ್ಯಾಸದ ಮೇಲೇ ನಿಂತ ಕೀಲಿಮಣೆಯಲ್ಲಿ. ಕಷ್ಟದ ಕೆಲಸ ಅವರು ಮುಗಿಸಿದ್ದಾರೆ. ನಮ್ಮ ಪಾಲಿಗೆ ಉಳಿದಿರೋದು ಅದನ್ನ ಕೆಡಿಸದೆ ಇರೋದು.

ಹಾಗಾಗಿ ನಮ್ಮ ಬೇಡಿಕೆ ಚಿಕ್ಕದು. ಲ್ಯಾಬಿನಲ್ಲಿ ಪರದೆ ಮೇಲೆ ಅಕ್ಷರ ಬರೆಯೋ ಯಾವುದೇ ಪ್ರಾಜೆಕ್ಟ್ ಆಗಲಿ, ವೈವಾದಲ್ಲಿ ಒಂದು ಸಲ 'ಲಕ್ಷ್ಮಿ' ಅಂತ ಟೈಪ್ ಮಾಡಿಸಲಿ. ಬರಲಿಲ್ಲ ಅಂದ್ರೆ ಮಾರ್ಕ್ಸ್ ಕಡಿಮೆ ಮಾಡಲಿ, ಮೊದಲು ನಮ್ಮದನ್ನೇ. ಬರೋ ನವೆಂಬರ್‌ಗೆ ಅದೇ ಸ್ಟಾಲ್, ಅದೇ ಲ್ಯಾಪ್‌ಟಾಪ್ ಇರುತ್ತೆ. ಆ ಹುಡುಗಿ ಇದನ್ನ ಓದ್ತಿದ್ರೆ, ಇನ್ನೊಂದು ಸಲ ಬಾರಮ್ಮ. ನಿನ್ನ ಬ್ಯಾಡ್ಜ್ ಬಾಕಿ ಇದೆ.